ಎಳ್ಳು ಜಾರುವ ಬಲೆ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತು ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಸೋನೆಗಿರಿ ಎಂಬ ರಾಜ್ಯವಿತ್ತು. ಅದರ ಅಂಚಿನ ಕರಿಗುಡ್ಡದಲ್ಲಿ ಗಂಟುರಾಯನೆಂಬ ಮಾಂತ್ರಿಕನಿದ್ದ. ಅವನು ಕಂಚಿನ ಉಗುರಿನ ಕತ್ತೆಕಿರುಬವೊಂದನ್ನು ಸಾಕಿದ್ದ. ಅದು ಪರಚಿದರೆ ಒಳಗಿನ ಮಾಂಸ ಕೂಡಿಕೊಳ್ಳುತ್ತಲೇ ಇರಲಿಲ್ಲ. ಮೇಲೆ ಎಷ್ಟು ಹೊಲಿದರೂ ಒಳಗೆ ಹರಿದದ್ದು ಹರಿದಂತೆಯೇ ಇರುತ್ತಿತ್ತು.

ಅದಕ್ಕೆ ಮದ್ದು ಇದ್ದದ್ದು ಮಾದಜ್ಜಿಯ ಮನೆಯಲ್ಲಿ ಮಾತ್ರ. ಕಾಡಿನ ಬೆಳ್ಳಿ ಎಲೆ ತಿನ್ನುವ ರೇಷ್ಮೆಹುಳುಗಳು ಅವಳಲ್ಲಿದ್ದವು. ಆ ನೂಲಿನಲ್ಲಿ ಅಂಗೈಯಗಲದ ಬಲೆ ಹೆಣೆದು, ಹರಿದ ಮಾಂಸದ ನಡುವೆ ಇಟ್ಟು, ಮೇಲೆ ಚರ್ಮ ಹೊಲಿಯುತ್ತಿದ್ದರು. ಅದಕ್ಕೆ ಒಳಬಲೆ ಎಂದು ಹೆಸರು. ಹೊಸ ಮಾಂಸ ಬಲೆಯ ಕಣ್ಣುಗಳಲ್ಲಿ ತೂರಿ, ಆ ಕಡೆಯದೂ ಈ ಕಡೆಯದೂ ಕೈ ಹಿಡಿದುಕೊಳ್ಳುತ್ತಿತ್ತು. ಗಾಯ ಮಾಯುವ ಹೊತ್ತಿಗೆ ಬಲೆ ಹಾಲಿಗೆ ಬಿದ್ದ ಸಕ್ಕರೆಯ ಹಾಗೆ ಕರಗಿಹೋಗುತ್ತಿತ್ತು. ಹೆಣೆದ ದಿನವೇ ಅದನ್ನು ಇಡಬೇಕು, ಎತ್ತಿಟ್ಟರೆ ಕೆಟ್ಟುಹೋಗುತ್ತದೆ. ಇಡುವ ಮೊದಲು ಬಲೆಯ ಮೇಲೆ ಎಳ್ಳು ಸುರಿದು ನೋಡುವುದು ಆ ಮನೆಯ ಪದ್ಧತಿ. ಎಳ್ಳೆಲ್ಲ ಕೆಳಗೆ ಜಾರಿದರೆ ಬಲೆ ಸರಿ. ಒಂದು ಕಾಳು ನಿಂತರೂ ಬಿಚ್ಚಿ ಮತ್ತೆ ಹೆಣೆಯಬೇಕು.

ಅಜ್ಜಿಗೆ ಕಣ್ಣು ಮಂಜಾದ ಮೇಲೆ ಹೆಣಿಗೆ ಮೊಮ್ಮಕ್ಕಳ ಕೈಗೆ ಬಂತು. ದೊಡ್ಡವಳು ದೇವೀರಿ, ಚಿಕ್ಕವಳು ಹಾಲವ್ವ. ದೇವೀರಿ ಹೆಣೆದರೆ ಅಂಚು ಗೆರೆ ಕೊರೆದಂತೆ, ಹೆಣಿಗೆ ಕೆನೆಯಷ್ಟು ನುಣುಪು. ಹಾಲವ್ವನೋ, ಹಾಡು ಹೇಳಿಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿಕೊಂಡು ಹೆಣೆಯುವವಳು. ಅವಳ ಬಲೆ ಜಾಳುಜಾಳು, ಒಂದು ಮೂಲೆ ಉದ್ದ, ಒಂದು ಮೂಲೆ ಗಿಡ್ಡ. ಆದರೂ ಜನ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಇದನ್ನು ಕಂಡು ದೇವೀರಿಗೆ ಹೊಟ್ಟೆ ಉರಿಯುತ್ತಿತ್ತು. ಉಂಡ ಅನ್ನ ಇಳಿಯದಷ್ಟು ಉರಿಯುತ್ತಿತ್ತು.

ಒಮ್ಮೆ ಕಿರುಬ ರಾಜನ ಪಟ್ಟದ ಕುದುರೆಯ ತೊಡೆ ಸೀಳಿತು. ದೇವೀರಿ ಮುಂದೆ ಬಂದು ಬಲೆ ಇಟ್ಟಳು. ಇಷ್ಟು ಚೆಂದದ ಬಲೆಗೆ ಪರೀಕ್ಷೆ ಯಾಕೆಂದು ಎಳ್ಳು ಸುರಿಯಲಿಲ್ಲ. ಆ ಬಿಗಿ ಹೆಣಿಗೆಯಲ್ಲಿ ಮಾಂಸಕ್ಕೆ ತೂರಲು ದಾರಿಯೇ ಇರಲಿಲ್ಲ. ಕುದುರೆ ಕುಂಟುತ್ತಲೇ ಉಳಿಯಿತು. ಹಾಲವ್ವ ಆ ಬಲೆ ತೆಗೆದು ತನ್ನ ಜಾಳು ಬಲೆ ಇಟ್ಟಳು. ಕುದುರೆ ಬೇಲಿ ಹಾರಿ ಓಡಿತು.

ಎರಡನೆಯ ಸಲ ರಾಜಕುಮಾರನ ಭುಜ ಹರಿಯಿತು. ದೇವೀರಿ ಇನ್ನೂ ಬಿಗಿಯಾಗಿ, ಇನ್ನೂ ಚೆಂದವಾಗಿ ಹೆಣೆದು, ಈ ಸಲವೂ ಎಳ್ಳು ಸುರಿಯದೆ ಇಟ್ಟಳು. ಕುಮಾರನ ಕೈ ಮೇಲೇಳಲಿಲ್ಲ. ಹಾಲವ್ವನ ಬಲೆ ಇಟ್ಟ ಮೇಲೆ ಎದ್ದಿತು, ಅದೂ ಬಿಲ್ಲು ಹಿಡಿದುಕೊಂಡೇ. ರಾಜ ಹಾಲವ್ವನಿಗೆ ಪಲ್ಲಕ್ಕಿ ಕಳಿಸಿದ. ದೇವೀರಿ ನೂಲಿನ ಬುಟ್ಟಿ ಹೊತ್ತು ಹಿಂದೆ ನಡೆದಳು. ದಾರಿಯಲ್ಲಿ ಒಬ್ಬಳು ಕೇಳಿದಳು:

"ಹಾಲವ್ವನ ಅಕ್ಕ ಅಲ್ವೇನವ್ವ ನೀನು?"

ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಕೂತಿತು. ದೇವೀರಿ ಬುಟ್ಟಿ ಇಳಿಸಿ ನೇರ ಕರಿಗುಡ್ಡಕ್ಕೆ ಹೋದಳು.

ಗಂಟುರಾಯನ ಮೈಯೆಲ್ಲ ಕಪ್ಪು ಹುರಿಯಿಂದ ಹೆಣೆದದ್ದು. ಜನರ ಕೆಟ್ಟ ಆಸೆಗಳನ್ನು ಆ ಹುರಿಯಲ್ಲಿ ಗಂಟು ಹಾಕಿಕೊಂಡೇ ಅವನು ಬದುಕಿದ್ದ.

"ನನ್ನ ಬಲೆ ಅವಳ ಬಲೆಗಿಂತ ಮೇಲಾಗ್ಬೇಕು," ಎಂದಳು ದೇವೀರಿ.

"ಅದು ನನ್ನ ಕೈಲಾಗಲ್ಲ ತಾಯಿ," ಎಂದು ಅವನು ನಕ್ಕ. "ಆದರೆ ಅವಳು ಇನ್ನು ಹೆಣೆಯದ ಹಾಗೆ ಮಾಡಬಲ್ಲೆ. ಹುಳುವಿಗೆ ಸೊಪ್ಪು ತರೋಕೆ ಅವಳು ಯಾವ ದಾರೀಲಿ ಹೋಗ್ತಾಳೆ?"

ದೇವೀರಿಗೆ ಪಲ್ಲಕ್ಕಿ ಕಣ್ಣ ಮುಂದೆ ಬಂತು. ಆಮೇಲೆ, "ಹಳ್ಳದ ದಾರಿ," ಎಂದಳು.

ಮಾಂತ್ರಿಕ ಎದೆಯ ಮೇಲೆ ಹೊಸ ಗಂಟೊಂದನ್ನು ಬಿಗಿದ. "ಇದು ನಿನ್ನ ಮತ್ಸರ. ಇನ್ನು ಮೇಲೆ ನನ್ನ ಪ್ರಾಣ ಇರೋದು ಇದರಲ್ಲೇ. ಆ ಮತ್ಸರ ಬಿಡ್ಬೇಡ, ಭದ್ರವಾಗಿ ಇಟ್ಕೋ," ಎಂದ.

ಮಾರನೆಯ ದಿನ ಸೊಪ್ಪು ಕೊಯ್ಯುವವರು ಹಾಲವ್ವನನ್ನು ಹೊತ್ತು ತಂದರು. ಕಿರುಬದ ಉಗುರಿಗೆ ಪಕ್ಕೆ ಸೀಳಿಹೋಗಿತ್ತು. ಸೆರಗೆಲ್ಲ ರಕ್ತ. ಅಜ್ಜಿ ತಡವಿ ನೋಡಿ, "ಸಂಜೆಯೊಳಗೆ ಬಲೆ ಇಡದಿದ್ರೆ ಮಗು ಉಳಿಯಲ್ಲ. ಹೆಣಿಯೇ ದೇವೀರಿ, ನಿನ್ನ ಬಿಟ್ರೆ ಯಾರಿದ್ದಾರೆ?" ಎಂದಳು.

ಬೇಕಾದದ್ದು ಇದೇ ತಾನೇ? ಕೊನೆಗೂ ಎಲ್ಲರೂ ದೇವೀರಿಯ ಕೈಯನ್ನೇ ನೋಡುತ್ತಿದ್ದರು.

ಮೊದಲ ಬಲೆ ಹೆಣೆದಳು. ಅಜ್ಜಿ ಹಿತ್ತಾಳೆ ತಟ್ಟೆಯ ಮೇಲೆ ಅದನ್ನು ಹಿಡಿದು ಎಳ್ಳು ಸುರಿದಳು. ತಟ್ಟೆಯಲ್ಲಿ ಸದ್ದೇ ಇಲ್ಲ. "ಬಿಚ್ಚು," ಎಂದಳು ಅಜ್ಜಿ.

ಎರಡನೆಯ ಬಲೆಯನ್ನು ಸಡಿಲವಾಗಿ ಹೆಣೆಯಬೇಕೆಂದೇ ಕೂತಳು. ಆದರೆ ತಂಗಿ ಎದ್ದರೆ ಮತ್ತೆ ಪಲ್ಲಕ್ಕಿ ಬರುತ್ತದಲ್ಲ ಎಂಬ ಯೋಚನೆ ಬಂದಾಗಲೆಲ್ಲ ಬೆರಳು ತಾನಾಗಿ ಎಳೆಯನ್ನು ಜಗ್ಗುತ್ತಿತ್ತು. ಎಳ್ಳು ಸುರಿದರೆ ತಟ್ಟೆಗೆ ನಾಲ್ಕಾರು ಕಾಳು ಬಿದ್ದವು. "ಬಿಚ್ಚು," ಎಂದಳು ಅಜ್ಜಿ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತ್ತು.

ದೇವೀರಿ ನೂಲು ಹಿಡಿದು ತಂಗಿಯ ಪಕ್ಕ ಕೂತಳು.

"ಹಾಲಿ, ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೆ."

"ಗೊತ್ತಕ್ಕ," ಎಂದಳು ಹಾಲವ್ವ ಕಣ್ಣು ಮುಚ್ಚಿಕೊಂಡೇ. "ನಿನ್ನ ಬಲೆ ಮುಟ್ಟಿದ್ರೇ ತಿಳಿಯುತ್ತೆ."

"ಗಂಟುರಾಯಂಗೆ ನಿನ್ನ ದಾರಿ ಹೇಳಿದ್ದೂ ನಾನೇ."

ಹಾಲವ್ವ ಕಣ್ಣು ತೆರೆದಳು. ಕಣ್ಣಂಚಿನಿಂದ ನೀರಿಳಿಯಿತು.

"ಎದ್ದ ಮೇಲೆ ನಿನ್ ಜೊತೆ ಜಗಳ ಆಡ್ತೀನಿ. ಸುಮ್ನೆ ಬಿಡಲ್ಲ," ಎಂದಳು. "ಮೊದ್ಲು ನನ್ನ ಎಬ್ಬಿಸು."

ದೇವೀರಿ ಅಳುತ್ತ ಹೆಣೆದಳು. ನೀರು ತುಂಬಿದ ಕಣ್ಣಿಗೆ ಅಂಚು ಕಾಣಲಿಲ್ಲ, ಚೆಂದ ಕಾಣಲಿಲ್ಲ. ತಂಗಿ ಎದ್ದು ಜಗಳವಾಡಲಿ ಎಂಬುದೊಂದೇ ಮನಸ್ಸಿನಲ್ಲಿತ್ತು. ಬಲೆ ಜಾಳುಜಾಳಾಯಿತು, ಒಂದು ಮೂಲೆ ಉದ್ದವೇ ಆಯಿತು. ಅಜ್ಜಿ ಎಳ್ಳು ಸುರಿದಳು. ತಟ್ಟೆಯ ಮೇಲೆ ಎಳ್ಳು ಸರಸರ ಉದುರಿತು.

ಬಲೆ ಒಳಗಿಟ್ಟು ಚರ್ಮ ಹೊಲಿದರು. ಅದೇ ಹೊತ್ತಿಗೆ ಕರಿಗುಡ್ಡದಲ್ಲಿ ಗಂಟುರಾಯನ ಎದೆಯ ಗಂಟು ಸಡಿಲವಾಯಿತು. ಹಾಲವ್ವನ ಮಾಂಸ ಕೂಡುತ್ತ ಬಂದ ಹಾಗೆ ಅವನು ಬಿಚ್ಚಿಕೊಳ್ಳುತ್ತ ಹೋದ. ಅವಳು ಎದ್ದು ಕೂತ ದಿನ ಗುಡ್ಡದ ಮೇಲೆ ಉಳಿದದ್ದು ಗಾಳಿಗೆ ಹೊರಳುವ ಕಪ್ಪು ಹುರಿ ಮಾತ್ರ. ಕಿರುಬದ ಕಂಚಿನ ಉಗುರುಗಳು ಉದುರಿಬಿದ್ದವು. ಮಾಟ ಕಳಚಿದ ಮೇಲೆ ನೋಡಿದರೆ ಅದು ಎಂದೋ ಕಳೆದುಹೋಗಿದ್ದ ಅರಮನೆಯ ಕಾವಲುನಾಯಿ. ಬಾಲ ಅಲ್ಲಾಡಿಸುತ್ತ ಹೋಗಿ ತನ್ನ ಹಳೆಯ ಬಾಗಿಲಲ್ಲೇ ಮಲಗಿತು.

ಹಾಲವ್ವ ಹೇಳಿದಂತೆಯೇ ಜಗಳವಾಡಿದಳು. ಕೇರಿಗೆಲ್ಲ ಕೇಳುವಂತೆ ಆಡಿದಳು, ಆಮೇಲೆ ಅಕ್ಕನ ತಟ್ಟೆಯಿಂದಲೇ ತುತ್ತು ತೆಗೆದುಕೊಂಡು ಉಂಡಳು. ರಾಜ್ಯದವರೆಲ್ಲ ಹರಿದದ್ದು ಕೂಡಿ ಸುಖವಾಗಿದ್ದರು.

ಮತ್ತೊಂದು ದಿನ ಅರಮನೆಯಿಂದ ಪಲ್ಲಕ್ಕಿ ಬಂತು. ಬಂದದ್ದು ಹಾಲವ್ವನಿಗೇ. ದೇವೀರಿ ಜಗುಲಿಯಲ್ಲಿ ಕೂತು ಕುಡುಗೋಲು ತಾಗಿ ಸೀಳಿದ್ದ ಕುಂಬಾರನ ಮಗಳ ಕಾಲಿಗೆ ಬಲೆ ಹೆಣೆಯುತ್ತಿದ್ದಳು. ಪಲ್ಲಕ್ಕಿ ತಿರುವು ದಾಟುವವರೆಗೂ ನೋಡಿದಳು. ಆಮೇಲೆ ಬಲೆ ಮುಗಿಸಿ, ತಟ್ಟೆ ಇಟ್ಟು ಎಳ್ಳು ಸುರಿದಳು.

ಎರಡು ಕಾಳು ನಿಂತವು. ದೇವೀರಿ ಒಬ್ಬಳೇ ನಕ್ಕು, ಬಲೆ ಬಿಚ್ಚಿ, ಮತ್ತೆ ಹೆಣೆಯಲು ಕೂತಳು.