ಕೆನ್ನೆಯ ಮೇಲಿನ ಗೆರೆಗಳು

ಪಿಸ್ತೂಲಿನ ನಳಿಕೆ ನನ್ನ ಎರಡು ಹುಬ್ಬುಗಳ ನಡುವೆ ಕೂತಿತ್ತು!

ಹಿಡಿದವನು ನಾನು ತನಿಖೆಗೆ ಬಂದಿದ್ದ ಮನೆಯ ಯಜಮಾನ. ಲಾರಿ ಕಂಪನಿಯ ಮಾಲೀಕ. ಅವನ ಇನ್ನೊಂದು ತೋಳಿನಲ್ಲಿ ಒಂದು ಗೊಂಬೆ... ಅದು ನನ್ನದು. ನಗಬೇಡಿ.

ಎಳೆಗೂಸು ಇದ್ದಕ್ಕಿದ್ದಂತೆ ಸತ್ತರೆ ಕಾರಣ ಹುಡುಕುವುದು ನನ್ನ ಕೆಲಸ. ಫೊರೆನ್ಸಿಕ್. ಸತ್ತ ಮಗುವಿನಷ್ಟೇ ತೂಕದ ಗೊಂಬೆಯನ್ನು ಮನೆಯವರ ಕೈಗೆ ಕೊಡುತ್ತೇನೆ. ಹೇಗೆ ಮಲಗಿಸುತ್ತಿದ್ದಿರಿ, ತೋರಿಸಿ ಅನ್ನುತ್ತೇನೆ. ಬಾಯಿ ಸಲೀಸಾಗಿ ಸುಳ್ಳು ಹೇಳುತ್ತದೆ. ಕೈಕಾಲಿಗೆ ಆ ಅಭ್ಯಾಸವಿಲ್ಲ.

ಇವನ ಮೂರು ತಿಂಗಳ ಮಗ ಮೊನ್ನೆ ಬೆಳಿಗ್ಗೆ ತೊಟ್ಟಿಲಲ್ಲಿ ತಣ್ಣಗಾಗಿದ್ದ. ತಾಯಿ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು. ಮೊದಲು ನೋಡಿ ಕಿರುಚಿದ್ದು ಆಯಾ. ನೀನೇ ದಿಂಬು ಅದುಮಿ ಕೊಂದೆ ಅಂತ ಯಜಮಾನ ಅವಳಿಗೆ ಮುಖ ಊದುವಂತೆ ಬಾರಿಸಿ ಸ್ಟೇಷನ್ನಿಗೆ ಎಳೆದುಕೊಂಡು ಹೋದ. ಸಂಜೆ ಕೋರ್ಟು. ಅಲ್ಲಿಂದ ಸೀದಾ ಜೈಲು. ಇನ್ನೂ ಹಾಲುಗಲ್ಲದ ಹುಡುಗಿ... ಕೊಲೆ ಕೇಸು!

ನನಗೆ ಮೈಯೆಲ್ಲಾ ಉರಿಯಿತು.

ಯಾಕೆಂದರೆ ನಾನು ಹೆಣ ನೋಡಿದ್ದೆ. ಉಸಿರು ನಿಂತ ಮೇಲೆ ರಕ್ತ ಕೆಳಗಿನ ಭಾಗಕ್ಕೆ ಇಳಿದು ಚರ್ಮ ನೇರಳೆಗಟ್ಟುತ್ತದೆ. ಮಗುವಿನ ಎದೆ ನೇರಳೆ, ಬೆನ್ನು ಬಿಳುಪು. ಅಂದರೆ ಸತ್ತ ಮೇಲೂ ತುಂಬಾ ಹೊತ್ತು ಕವುಚಿಕೊಂಡೇ ಇತ್ತು. ತೊಟ್ಟಿಲಲ್ಲಿ ಸಿಕ್ಕಿದ್ದು ಅಂಗಾತ! ಎಡಗೆನ್ನೆಯ ಮೇಲೆ ಸಾಲು ಸಾಲು ಬಿಳಿ ಗೆರೆ, ಉಬ್ಬುಗೆರೆಯ ಬಟ್ಟೆ ಒತ್ತಿದ ಗುರುತು. ತೊಟ್ಟಿಲ ಬಟ್ಟೆ ಮಾತ್ರ ನುಣ್ಣಗಿತ್ತು.

ಇವತ್ತು ಬೆಳಿಗ್ಗೆ ಈ ಮನೆಗೆ ಬಂದಾಗ ಹಾಲ್‌ನ ಒಂದು ಮೂಲೆ ಖಾಲಿ. ಕಾರ್ಪೆಟ್ ಮೇಲೆ ನಾಲ್ಕು ಕಾಲಿನ ಗುಳಿ. ಸೋಫಾ ಈಗಷ್ಟೇ ಗುಜರಿಗೆ ಹೋಯಿತು ಅಂದ ವಾಚ್‌ಮನ್. ಬೈಕ್ ಹತ್ತಿದೆ. ಒನ್ ವೇಯಲ್ಲಿ ಎದುರು ನುಗ್ಗಿದೆ... ಬಸ್ಸೊಂದು ಕೂದಲೆಳೆಯಲ್ಲಿ ತಪ್ಪಿತು... ಸೋಫಾ ಹೊತ್ತಿದ್ದ ಟೆಂಪೋಗೆ ಅಡ್ಡ ಹಾಕಿದೆ! ಡ್ರೈವರ್ ಸ್ಪ್ಯಾನರ್ ಎತ್ತಿದ. ನಾನು ಕಾರ್ಡು ತೋರಿಸಿದೆ. ಸ್ಪ್ಯಾನರ್ ಕೆಳಗಿಳಿಯಿತು. ಸೋಫಾದ ಬಟ್ಟೆ ತುಂಬಾ ಉಬ್ಬುಗೆರೆ. ಅಳತೆ ಹಿಡಿದೆ. ಕೆನ್ನೆಯ ಗೆರೆಗೆ ತಾಳೆಯಾಯಿತು.

ವಾಪಸ್ ಬಂದು ಯಜಮಾನನ ಕೈಗೆ ಗೊಂಬೆ ಕೊಟ್ಟೆ. ಏನೂ ಹೇಳಬೇಡಿ, ದಿನಾ ನಿದ್ದೆ ಮಾಡಿಸುತ್ತಿದ್ದ ಹಾಗೆ ಮಾಡಿ ಅಂದೆ. ಅವನು ಅದನ್ನು ಎದೆಗೆ ಒರಗಿಸಿಕೊಂಡ. ಬೆನ್ನು ತಟ್ಟುತ್ತಾ ಹಾಲ್‌ನಲ್ಲಿ ಸುತ್ತು ಹಾಕಿದ. ಕಾಲು ತಾನಾಗಿ ಆ ಖಾಲಿ ಮೂಲೆಗೆ ಹೋಯಿತು. ಕೂರಲು ಮಂಡಿ ಬಗ್ಗಿಸಿದ...

ಕೂರಲು ಏನೂ ಇರಲಿಲ್ಲ.

ಆಗ ಪಿಸ್ತೂಲು ಹೊರಬಂದಿದ್ದು.

"ಸೋಫಾ ನನ್ನ ಹತ್ರ ಇದೆ," ಅಂದೆ. ಜೀವ ಬಾಯಿಗೆ ಬಂದಿತ್ತು, ನಿಜ ಹೇಳುತ್ತೇನೆ. "ನೀವು ಕೊಂದಿಲ್ಲ ಸಾರ್. ಮಗು ಎದೆ ಮೇಲಿತ್ತು. ನಿಮಗೆ ನಿದ್ದೆ ಬಂತು. ಅದು ಪಕ್ಕಕ್ಕೆ ಜಾರಿ ಸೋಫಾದ ಸಂದಿಗೆ ಮುಖ ಸಿಕ್ಕಿಸಿಕೊಳ್ತು. ಅಷ್ಟೇ."

"ಮೂರು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ ಕಣ್ರೀ..." ಗೊಂಬೆಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. "ನಾನು ಎದ್ದಾಗ ಮಗು ಅಲುಗಾಡಲೇ ಇಲ್ಲ. ತೊಟ್ಟಿಲಿಗೆ ಹಾಕ್ಬಿಟ್ಟೆ. ಹೆಂಡ್ತಿಗೆ ಏನಂತ ಮುಖ ತೋರಿಸ್ಲಿ?"

ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಸುದ್ದಿ ಕೇಳಿ ಊರಿಂದ ವಾಪಸ್ ಬಂದಿದ್ದ ಹೆಂಡತಿ. ಎಲ್ಲಾ ಕೇಳಿಸಿಕೊಂಡಿದ್ದಳು.

"ನಿದ್ದೆ ಬಂತು ಅಂದಿದ್ರೆ ನಿಮ್ಮ ಪಕ್ಕ ಕೂತು ಅಳ್ತಿದ್ದೆ," ಅಂದಳು. ದನಿ ಏರಿಸಲಿಲ್ಲ. "ಆ ಹುಡುಗಿಗೆ ಯಾಕ್ರೀ ಹೊಡೆದ್ರಿ?"

ನಾನು ಅವನ ಕೈಯಿಂದ ಪಿಸ್ತೂಲು ತೆಗೆದುಕೊಂಡೆ. ಬಿಟ್ಟುಕೊಟ್ಟ. ಗೊಂಬೆಯನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ಹೆಂಡತಿ ಅವನತ್ತ ತಿರುಗಿ ಕೂಡ ನೋಡದೆ ಕಾರಿನ ಕೀ ತೆಗೆದುಕೊಂಡು ಜೈಲಿನ ಕಡೆ ಹೊರಟಳು. ಆಯಾಳನ್ನು ಬಿಡಿಸಲು.

ಪೊಲೀಸ್ ಜೀಪಿನಲ್ಲಿ ಅವನು ಒಂದೇ ಮಾತು ಕೇಳಿದ. ಇನ್ನು ನಾನು ಯಾಕೆ ಬದುಕಬೇಕು ಅಂತ.

ಸತ್ತಿದ್ದಕ್ಕೆ ಕಾರಣ ಕೇಳಿ, ಹುಡುಕಿ ಕೊಡುತ್ತೇನೆ. ಬದುಕುವುದಕ್ಕೆ ಕಾರಣ... ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ!