ಯಾರೂ ಕೇಳದ ಉತ್ತರ

ಲಿಫ್ಟ್ ನಿಲ್ಲಬೇಕಾದಲ್ಲಿ ನಿಲ್ಲದೆ ಗುಂಡಿಯ ತಳಕ್ಕೆ ಹೋಗಿ ಕುಕ್ಕರಿಸಿತ್ತು. ಪುಣ್ಯಕ್ಕೆ ಒಳಗಿದ್ದದ್ದು ಮರಳಿನ ಮೂಟೆಗಳು, ಮನುಷ್ಯರಲ್ಲ. ಮೂಟೆಗಳು ಒಡೆದು ಪರೀಕ್ಷಾ ಗೋಪುರದ ನೆಲವೆಲ್ಲ ಮರಳಾಗಿತ್ತು. ಮ್ಯಾನೇಜರ್ ಅದೇ ಮರಳನ್ನು ಬೂಟಿನಲ್ಲಿ ಹೊತ್ತು ಲ್ಯಾಬಿಗೆ ಬಂದು ಅಳತೆಯ ಹುಡುಗಿಯ ಮೇಲೆ ಹರಿಹಾಯ್ದ.

"ಹೊಸ ಕಂಪೈಲರ್ ಹಾಕಿದ್ರೆ ಬ್ರೇಕಿನ ಲೆಕ್ಕ ಮೂವತ್ತು ಪಟ್ಟು ಬೇಗ ಮುಗಿಯುತ್ತೆ ಅಂದವಳು ನೀನೇ ತಾನೆ? ಅದನ್ನ ನಂಬಿ ಆ ಚಿಪ್ ಮೇಲೆ ಇನ್ನೂ ನಾಲ್ಕು ಕೆಲಸ ಹೇರಿದೆ. ಸುಳ್ಳು ಅಂಕಿ ಕೊಟ್ಟೆ ಅಂತ ಸಂಜೆಯೊಳಗೆ ಒಪ್ಕೋ, ಇಲ್ಲಾಂದ್ರೆ ನಾಳೆಯಿಂದ ಬರಬೇಡ. ನಾನೂ ಕೋಡ್ ಬರೆದೇ ಮೇಲೆ ಬಂದವನು, ನನಗೆ ಟೋಪಿ ಹಾಕಬೇಡ!"

ನಾವು ಬರೆದ ಪ್ರೋಗ್ರಾಮನ್ನು ಚಿಪ್‌ಗೆ ತಿಳಿಯುವ ಭಾಷೆಗೆ ಇಳಿಸುವುದು ಕಂಪೈಲರ್. ಹಳೆಯದು ಚುರುಕೋ ಹೊಸದು ಚುರುಕೋ ಎಂದು ಅಳೆಯುವುದು ಆ ಹುಡುಗಿಯ ಕೆಲಸ. ಅವಳು ಕುತ್ತಿಗೆಯಲ್ಲಿ ಹೆಡ್‌ಫೋನ್ ನೇತಾಡಿಸಿಕೊಂಡು ನೇರವಾಗಿ ದೊಡ್ಡಕ್ಕನ ಮೇಜಿಗೆ ಬಂದಳು.

"ದೊಡ್ಡಕ್ಕಾ, ಗಡಿಯಾರ ತೋರಿಸಿದ್ದನ್ನೇ ಕೊಟ್ಟೆ. ಒಂದಂಕಿನೂ ತಿದ್ದಿಲ್ಲ."

ದೊಡ್ಡಕ್ಕ ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಲ್ಯಾಬಿನಲ್ಲಿ ಏನೇ ಕಳೆದರೂ ಕೆಟ್ಟರೂ ಎಲ್ಲರೂ ಬರುವುದು ಅವರ ಹತ್ತಿರ. ಅವರ ಹಿಂದೆಯೇ ಸುತ್ತುವ ಸಹಾಯಕ ಎಂಜಿನಿಯರಿಗೆ ಎಲ್ಲರೂ ಇಟ್ಟ ಹೆಸರು ಬಾಲ. ಬಾಲನಿಗೆ ಈ ಪತ್ತೇದಾರಿಕೆ ಸಾಕುಸಾಕಾಗಿತ್ತು. ಹೋದ ವಾರವಷ್ಟೇ ಕಳುವಾದ ಬೆಸುಗೆ ಕಡ್ಡಿ ದೂರು ಕೊಟ್ಟವನ ಚೀಲದಲ್ಲೇ ಸಿಕ್ಕಿತ್ತು.

ದೊಡ್ಡಕ್ಕ ಅಳತೆಯ ಮೇಜಿಗೆ ಹೋಗಿ, "ಇಬ್ಬರ ಭಾರ ಕೊಟ್ಟು ಓಡಿಸು" ಎಂದರು. ಹುಡುಗಿ ಓಡಿಸಿದಳು. "ಈಗ ಹತ್ತು ಜನರದ್ದು."

ಭಾರ ಹೆಚ್ಚಿದಷ್ಟೂ ಲೆಕ್ಕದ ಸುತ್ತು ಹೆಚ್ಚಬೇಕು. ಹಳೆಯ ಕಂಪೈಲರ್‌ನಲ್ಲಿ ಹೊತ್ತು ಹೆಚ್ಚಿತು. ಹೊಸದರಲ್ಲಿ ಎರಡಕ್ಕೂ ಒಂದೇ.

"ಬಾವಿಯಿಂದ ಒಂದು ಕೊಡ ಸೇದೋಕೂ ಹತ್ತು ಕೊಡ ಸೇದೋಕೂ ಅಷ್ಟೇ ಹೊತ್ತು ಹಿಡಿದ್ರೆ ಏನೋ ಅರ್ಥ?"

"ಸೇದೋರು ಗಟ್ಟಿಗರು ಅಂತ," ಎಂದ ಬಾಲ.

"ಬಾವಿ ಹತ್ರ ಯಾರೂ ಹೋಗೇ ಇಲ್ಲ ಅಂತ, ಮಂಕೆ."

ಬಾಲನ ಗುಮಾನಿ ತಾತನ ಮೇಲೆ. ಹಳೆಯ ಕಂಪೈಲರನ್ನು ಮಗುವಿನಂತೆ ಸಾಕಿದ ಆ ಹಿರಿಯ ಎಂಜಿನಿಯರ್, "ಹೊಸದು ಮಣ್ಣು ಮುಕ್ಕುತ್ತೆ, ನೋಡ್ತಿರಿ" ಎಂದು ಊಟದ ಕೋಣೆಯಲ್ಲಿ ಸಾರುತ್ತಲೇ ಇದ್ದರು. ಆದರೆ ದೊಡ್ಡಕ್ಕ ತಾತನ ಕಡೆ ತಿರುಗಿಯೂ ನೋಡಲಿಲ್ಲ. ಪರೀಕ್ಷೆ ಓಡಿದರೂ ಸದ್ದೆತ್ತದ, ಮೇಜಿನ ಮೇಲಿನ ಪುಟ್ಟ ಸ್ಪೀಕರ್ ತಟ್ಟಿದರು. ಆಮೇಲೆ ಎದುರಿನ ಗಾಜಿನ ಕೋಣೆಯನ್ನೇ ದಿಟ್ಟಿಸಿದರು.

"ಮ್ಯಾನೇಜರ್ ಬಾಗಿಲು ಯಾವಾಗ್ಲೂ ಮುಚ್ಚಿರ್ತಿತ್ತಲ್ವೇನೋ? ಈಗ ಹಾರುಹೊಡೆದಿದೆ."

"ಗಾಳಿಗೆ ತೆಗೆದಿರ್ತಾರೆ ಅಕ್ಕಾ! ಬಿದ್ದಿದ್ದು ಲಿಫ್ಟು, ಬಾಗಿಲಲ್ಲ," ಎಂದು ಬಾಲ ತಲೆ ಚಚ್ಚಿಕೊಂಡ.

ಸಂಜೆ ಎಲ್ಲರೂ ಸೇರಿದರು. ಹುಡುಗಿ ಉಗುರು ಕಚ್ಚುತ್ತಿದ್ದಳು. ಮ್ಯಾನೇಜರ್ ತನ್ನ ಬಾಗಿಲಿಗೆ ಒರಗಿ ನಿಂತು, "ಒಪ್ಕೊಂಡ್ಲಾ?" ಎಂದ. ದೊಡ್ಡಕ್ಕ ಕೀಲಿಮಣೆಯಲ್ಲಿ ಒಂದು ಸಾಲು ಟೈಪ್ ಮಾಡಿ ಪರೀಕ್ಷೆ ಓಡಿಸಿದರು.

ಬೀಪ್! ಬೀಪ್! ಬೀಪ್!

"ಥೂ, ಈ ಪೀಡೆ ಮತ್ತೆ ಶುರುವಾಯ್ತಾ!" ಎಂದು ಮ್ಯಾನೇಜರ್ ಒಳಗೆ ಸರಿದು ಬಾಗಿಲು ಎಳೆದುಕೊಂಡ. ಗಾಜಿನಾಚೆಯಿಂದ ಎಲ್ಲರ ಕಣ್ಣೂ ತನ್ನ ಮೇಲಿರುವುದು ಕಂಡಿತು. ಮೆಲ್ಲಗೆ ತೆರೆದ.

"ಮತ್ತೆ ಅಂದ್ರಲ್ಲ ಸಾರ್," ಎಂದರು ದೊಡ್ಡಕ್ಕ. "ಮೊದಲು ನಿಲ್ಲಿಸಿದ್ದು ಯಾರು?"

"ಫೋನಲ್ಲಿ ಮಾತಾಡೋಕೇ ಬಿಡ್ತಿರಲಿಲ್ಲ. ಪರೀಕ್ಷೆಯ ಕೋಡಲ್ಲಿ ಬೀಪ್ ಮಾಡಿಸೋ ಒಂದು ಸಾಲು ಅಳಿಸಿದೆ. ಬೀಪ್ ತೆಗೆದ್ರೆ ಲಿಫ್ಟ್ ಬೀಳುತ್ತೇನ್ರೀ?"

"ಬಿತ್ತಲ್ಲ! ಲೆಕ್ಕದ ಉತ್ತರ ಎಷ್ಟೋ ಅಷ್ಟು ಬೀಪ್. ಆ ಉತ್ತರವನ್ನ ಕೇಳ್ತಿದ್ದದ್ದು ಅದೊಂದೇ ಸಾಲು. ಅದು ಹೋದ ಮೇಲೆ ಉತ್ತರ ಯಾರಿಗೂ ಬೇಡ. ತಾತನ ಕಂಪೈಲರ್ ಪಾಪ, ಬೇಡದಿದ್ರೂ ಗಾಣದೆತ್ತಿನ ಹಾಗೆ ಸುತ್ತುತ್ತೆ. ಹೊಸದು ಜಾಣ. ಯಾರಿಗೂ ಬೇಡದ ಲೆಕ್ಕ ಯಾಕೆ ಅಂತ ಇಡೀ ಲೆಕ್ಕವನ್ನೇ ಕಿತ್ತು ಬಿಸಾಕ್ತು. ಗಡಿಯಾರ ಅಳೆದಿದ್ದು ಖಾಲಿ ಕೊಡ. ನಿಜವಾದ ಲಿಫ್ಟಲ್ಲಿ ಬ್ರೇಕಿಗೆ ಉತ್ತರ ಬೇಕೇ ಬೇಕು, ಅಲ್ಲಿ ಲೆಕ್ಕ ಪೂರ್ತಿ ನಡೀತು. ಅದರ ಮೇಲೆ ನಿಮ್ಮ ನಾಲ್ಕು ಕೆಲಸ ಬೇರೆ. ಬ್ರೇಕ್ ತಡವಾಯ್ತು."

"ಹಾಗಾದ್ರೆ ನಿಜವಾಗ್ಲೂ ಎಷ್ಟು ಪಟ್ಟು?" ಎಂದರು ತಾತ.

"ಒಂದೂವರೆ ಪಟ್ಟೂ ಇಲ್ಲ." ತಾತ ಮೀಸೆಯಲ್ಲೇ ನಕ್ಕರು.

ದೊಡ್ಡಕ್ಕ ಹುಡುಗಿಯತ್ತ ತಿರುಗಿದರು. "ನೀನೂ ಸರಿಯಿಲ್ಲ ಕಣೇ. ಕಿವಿಗೆ ಹಾಡು ತುಂಬಿಕೊಂಡು ಕೂತ್ರೆ ಬೀಪ್ ನಿಂತದ್ದು ಹೇಗೆ ಗೊತ್ತಾಗುತ್ತೆ? ಮೂವತ್ತು ಪಟ್ಟು ಅಂತ ಕಂಡಾಗ ಕುಣಿಯೋದಲ್ಲ, ಹೆದರಬೇಕು. ಸರಿ ಸಾರ್, ನಾಳೆಯಿಂದ ಬರಬೇಡ ಅಂದಿದ್ದು ಯಾರಿಗೆ?"

ಮ್ಯಾನೇಜರ್ ಕೆಮ್ಮಿದ. "ನಾಳೆ ಬಾಮ್ಮಾ. ಆ ನಾಲ್ಕು ಕೆಲಸ ತೆಗೆಸ್ತೀನಿ. ಆದ್ರೆ... ಆ ಸೌಂಡ್ ಸ್ವಲ್ಪ ಕಮ್ಮಿ ಮಾಡೋಕಾಗುತ್ತಾ?"

ಬಾಲ ಸೂರು ನೋಡಿದ. ಹುಡುಗಿ ಹೆಡ್‌ಫೋನ್ ತೆಗೆದು ಮೊಳೆಗೆ ತಗುಲಿಸಿದಳು, ಹತ್ತು ಜನರ ಭಾರ ಕೊಟ್ಟು ಪರೀಕ್ಷೆ ಓಡಿಸಿದಳು. ಬೀಪ್ ಶುರುವಾಯಿತು. ಅವಳು ನಡೆದುಹೋಗಿ ಮ್ಯಾನೇಜರಿನ ಬಾಗಿಲನ್ನು ಹೊರಗಿನಿಂದ ಮುಚ್ಚಿದಳು.