ಹದಿನೆಂಟು ಪೌಂಡ್ ಗಾಳಿ

ಹೇಮಿಶ್ ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿ ಇಳಿದಾಗ ಮೆರಿನ್‌ಗೆ ಮೊದಲು ನಗುವೇ ಬಂತು. ಫಾರ್ಮಿನ ಅಡುಗೆ ಕೆಲಸ ಬಿಟ್ಟು ಹೊರಟ ಅವಳನ್ನು ನಾಲ್ಕು ಗಂಟೆಯ ಅಡಿಲೇಡ್ ಬಸ್ಸಿಗೆ ಬಿಡುತ್ತೇನೆಂದು ಬಂದ ಮಹಾಶಯ, ನಡುದಾರಿಯಲ್ಲಿ ಟೈರಿನ ಮುಂದೆ ಮಂಡಿಯೂರಿ ಕೂತಿದ್ದ.

“ಬಸ್ ತಪ್ಸೋಕೆ ಒಳ್ಳೇ ನಾಟಕ,” ಎಂದಳು.

ಅವನು ತಲೆಯೆತ್ತಿದ. ಆ ಮುಖ ನೋಡಿ ಅವಳ ನಗು ಇಂಗಿಹೋಯಿತು.

ಕುರಿ ಫಾರ್ಮಿನಿಂದ ಹೆದ್ದಾರಿಗೆ ಬರಲು ಮರಳುದಿಬ್ಬ ದಾಟಬೇಕು. ಅದಕ್ಕೆ ಚಕ್ರ ಹೂತುಹೋಗದಂತೆ ಟೈರಿನ ಗಾಳಿಯನ್ನು ಹದಿನೆಂಟು ಪೌಂಡಿಗೆ ಇಳಿಸಿ, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು. ಇದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಹೇಮಿಶ್ ಅಂತೂ ಗಾಳಿ ಅಳೆಯುವ ಗೇಜನ್ನು ಜೇಬಲ್ಲಿಟ್ಟುಕೊಂಡೇ ಮಲಗುತ್ತಾನೆಂದು ಉಣ್ಣೆ ಕತ್ತರಿಸುವವರೆಲ್ಲ ಗೇಲಿ ಮಾಡುತ್ತಿದ್ದರು. ಅಂಥವನು ಇವತ್ತು ಮತ್ತೆ ಗಾಳಿ ತುಂಬಿಸುವುದನ್ನೇ ಮರೆತಿದ್ದ. ನೀರಿನ ದೊಡ್ಡ ಕ್ಯಾನನ್ನೂ ಮರೆತಿದ್ದ.

ಮೆತ್ತಗಿನ ಟೈರಿನಲ್ಲೇ ಒಂದು ಗಂಟೆ ನೂರಹತ್ತರ ವೇಗದಲ್ಲಿ ಬಂದಾಗಿತ್ತು. ಮೆತ್ತಗಿನ ಟೈರು ಹೆಚ್ಚು ಡೀಸೆಲ್ ಕುಡಿದು, ಮುಳ್ಳು ಕೆಂಪು ಗೆರೆಗೆ ಹತ್ತಿರವಾಗಿತ್ತು. ಬಸ್ಸು ನಿಲ್ಲುವ ಮುಂದಿನ ಪೆಟ್ರೋಲ್ ಪಂಪು ನೂರಿಪ್ಪತ್ತು ಕಿಲೋಮೀಟರು. ಹಿಂದಕ್ಕೆ ಹೋದರೂ ಅಷ್ಟೇ ದೂರ. ಹೊರಗೆ ನಲವತ್ತಾರು ಡಿಗ್ರಿ. ಕುಡಿಯಲು ಎರಡು ಬಾಟಲಿ ನೀರು. ಫೋನಿಗೆ ಸಿಗ್ನಲ್ ಇಲ್ಲ. ಹೋದ ಬೇಸಿಗೆಯಲ್ಲಿ ಇದೇ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಯೊಂದು ಮೂರನೇ ದಿನ ಸಿಕ್ಕಿತ್ತು. ಒಳಗಿದ್ದವರ ಮಾತನ್ನು ಮೆರಿನ್‌ಳ ಅಡುಗೆಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈಗ ಅದೇ ನೆನಪಾಗಿ ಅವಳು ಎರಡೂ ಬಾಟಲಿಗಳನ್ನು ಸೀಟಿನ ಕೆಳಗೆ ನೆರಳಿಗೆ ಸರಿಸಿದಳು.

ಸಣ್ಣ ಪಂಪಿನಿಂದ ಹೇಮಿಶ್ ನಾಲ್ಕೂ ಟೈರಿಗೆ ಗಾಳಿ ತುಂಬಿದ. ಏರ್ ಫಿಲ್ಟರ್ ತೆಗೆದು ಕೆಂಪು ಧೂಳು ಕೊಡವಿದ. ಮೇಲಿದ್ದ ಅವಳ ಟ್ರಂಕನ್ನು ಒಳಗಿಟ್ಟು, ಗಾಳಿಗೆ ಅಡ್ಡವಾಗುವ ಕ್ಯಾರಿಯರನ್ನು ಬಿಚ್ಚಿ ರಸ್ತೆ ಬದಿಗೆ ಹಾಕಿದ. ಏಸಿ ಹಾಕುವಂತಿಲ್ಲ, ಎಂಬತ್ತು ದಾಟುವಂತಿಲ್ಲ ಎಂದ.

“ಬಸ್ಸು?”

“ಮೊದ್ಲು ಜೀವ, ಆಮೇಲೆ ಬಸ್ಸು.”

ಮಲಗಿದ ಮಗುವಿನ ಹೊದಿಕೆ ಸರಿಮಾಡುವಷ್ಟು ಮೆಲ್ಲಗೆ ಅವನು ಆಕ್ಸಿಲರೇಟರ್ ಒತ್ತುತ್ತಿದ್ದ. ದೂರದಲ್ಲಿ ಎಮು ಹಕ್ಕಿಗಳು ರಸ್ತೆಗಿಳಿದರೆ ಬ್ರೇಕ್ ಮುಟ್ಟುತ್ತಿರಲಿಲ್ಲ. ಮೊದಲೇ ಕಾಲೆತ್ತಿ, ಅವು ದಾಟುವವರೆಗೆ ಗಾಡಿ ತಾನಾಗಿ ನಿಧಾನವಾಗಲು ಬಿಡುತ್ತಿದ್ದ. ಅವನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಅವಳು ಮುಳ್ಳು ನೋಡುವಳು, ಅವನ ಮುಖ ನೋಡುವಳು, ಮತ್ತೆ ಮುಳ್ಳು ನೋಡುವಳು. ಅವನು ಸಿಕ್ಕಿಬಿದ್ದವನಂತೆ ಕಣ್ಣು ತಪ್ಪಿಸುತ್ತಿದ್ದ.

ಕೆಂಪು ದೀಪ ಹೊತ್ತಿಕೊಂಡಿತು. ಇನ್ನೂ ನಲವತ್ತು ಕಿಲೋಮೀಟರು.

“ನೀನು ಮರೆಯೋನಲ್ವಲ್ಲೋ,” ಎಂದಳು. “ಇವತ್ತೇ ಯಾಕೆ?”

“ನಿನ್ನ ಒಂದ್ಮಾತು ಕೇಳ್ಬೇಕಿತ್ತು. ಮರಳು ದಾಟೋವಾಗ ಅದನ್ನೇ ಬಾಯಿಪಾಠ ಮಾಡ್ತಿದ್ದೆ. ಗಾಳಿ ಮರ್ತೇಹೋಯ್ತು.”

ಯಾವ ಮಾತು ಎಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಸಾಯುವ ಭಯ ಒಂದು ಕಡೆ. ಬದುಕಿಕೊಂಡರೆ ಅವನು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿಸಿಬಿಟ್ಟಾನೆಂಬ ಭಯ ಇನ್ನೊಂದು ಕಡೆ. ಗೇರಿನ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡಳು. ಅವನು ಗೇರು ಬದಲಿಸುವಾಗಲೂ ಬಿಡಲಿಲ್ಲ.

ಪಂಪಿನ ತಗಡಿನ ಸೂರು ಕಂಡಾಗ ಎಂಜಿನ್ ಕೆಮ್ಮಿತು. ಎರಡನೇ ಸಲ ಕೆಮ್ಮಿ ಸುಮ್ಮನಾಯಿತು. ಗಾಡಿ ಉರುಳುತ್ತ ಉರುಳುತ್ತ ಹೋಗಿ ಅಂಗಳದ ಅಂಚಿನಲ್ಲಿ ನಿಂತಿತು. ಮೆರಿನ್ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು.

ಆಗ ಆರು ಗಂಟೆ. ಬಸ್ಸು ಅಲ್ಲೇ ಇತ್ತು. ಮೆರಿನ್‌ಳಂತೆ ಬರುತ್ತೇನೆಂದು ಮೊದಲೇ ಫೋನ್ ಮಾಡಿದವರು ಬರದಿದ್ದರೆ ಆ ದಾರಿಯಲ್ಲಿ ಬಸ್ಸು ಹೊರಡುವುದಿಲ್ಲ, ಹುಡುಕಲು ಹೊರಡುತ್ತಾರೆ. ಡ್ರೈವರು ಆಗಲೇ ನೀರಿನ ಕ್ಯಾನುಗಳನ್ನು ತುಂಬಿಸುತ್ತಿದ್ದ.

ಹೇಮಿಶ್ ಅವಳ ಟ್ರಂಕನ್ನು ತಂದು ಬಸ್ಸಿನ ಬಾಗಿಲ ಬಳಿ ಇಳಿಸಿದ. ಅವಳು ಅದರ ಮೇಲೆ ಕೂತುಬಿಟ್ಟಳು. ಅವನ ಜೇಬಿಗೆ ಕೈಹಾಕಿ ಗೇಜನ್ನು ತೆಗೆದುಕೊಂಡಳು.

“ಇನ್ಮೇಲೆ ಗಾಳಿ ನಾನು ನೋಡ್ಕೋತೀನಿ. ನೀನು ಬಾಯಿಪಾಠ ಮಾಡಿದ್ದು ಹೇಳು.”

ಅವನು ಬೂಟು ನೋಡಿದ, ಬಸ್ಸು ನೋಡಿದ. ಕೊನೆಗೆ ಅವಳನ್ನು ನೋಡಿದ.

“ಎಲ್ಲಾ ಮರ್ತೋಯ್ತು,” ಎಂದ. “ಹೋಗ್ಬೇಡ.”

ಮೆರಿನ್ ಡ್ರೈವರಿಗೆ ಹೊರಡು ಎಂದು ಕೈಬೀಸಿದಳು.